ಬಾನಿಯ ಮೀನಿನ ಸಮಾಚಾರ

ಗಜೇಂದ್ರಗಡ,
ಶ್ರಾವಣದ ಮೂರನೆಯ ಸೋಮವಾರ
ತಾ. ೧೬-೮-೧೯೫೪

ತಂಗಿ ಕಲ್ಲವ್ವಗೆ ಅಕ್ಕ ನೀಲವ್ವನ ಆಶೀರ್ವಾದ. ಮುಶಿಗೇರಿಯಲ್ಲಿ ನೀನೂ ನಿನ್ನ ತವರಿನವರೂ ಆರಾಮ ಇದ್ದೀರೆಂದು ನಂಬಿದ್ದೇನೆ.

ಇಂದು ಉಪವಾಸ. ಸಂಜೆಯ ಪೂಜೆ ಆಗುವ ತನಕ ನೀರಷ್ಟೇ. ಬೆಳಿಗ್ಗೆ ಎದ್ದು ಕಸ ಹೊಡೆದು, ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಮನೆಯವರಿಗೆ ನಾಲ್ಕು ರೊಟ್ಟಿ ಬಡಿದು ಅಂಗಡಿಗೆ ಕಳಿಸಿದೆ. ಅವರಿಗೆ ಉಪವಾಸ ಆಗಿಬರುವುದಿಲ್ಲ, ನಿನಗೆ ಗೊತ್ತಲ್ಲ. ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬಳೇ ಮಾಡಿ ಪೂಜೆಗೆ ಕೂಡುವಷ್ಟರಲ್ಲಿ ಮೊಣಕಾಲು ಮಡಚುವುದಿಲ್ಲ. ಕೂತರೆ ಏಳುವುದಾಗುವುದಿಲ್ಲ. ಈಗಲೂ ಪಡಸಾಲೆಯ ಕಂಬಕ್ಕೆ ಒರಗಿಯೇ ಬರೆಯುತ್ತಿದ್ದೇನೆ.

ಈ ಕಾಗದ ನೀನೇ ಓದು, ಅಣ್ಣನ ಕೈಯಲ್ಲಿ ಓದಿಸಬೇಡ. ನಾನು ಕಲಿತದ್ದು ನಾಲ್ಕು ಇಯತ್ತೆ. ಅದರಲ್ಲಿ ಅರ್ಧ ನಿನಗೆ ಕಲಿಸಿದ್ದೇನೆ, ನೆಲದ ಮೇಲೆ ಬೂದಿ ಹರವಿ, ಬೆರಳು ಹಿಡಿದು ತಿದ್ದಿಸಿ. ಅದು ಇವತ್ತು ಉಪಯೋಗಕ್ಕೆ ಬರಲಿ.

ಯುಗಾದಿಯ ಮಾರನೆಯ ದಿನ ನೀನು ಹೋದದ್ದು. ನಾಲ್ಕೂವರೆ ತಿಂಗಳಾಯಿತು. ಮನೆಯವರು ಎರಡು ಸಲ ಕರೆಯಲು ಬಂದರು. "ಅಕ್ಕ ಕರದ್ರ ಬರ್ತೀನ್ರಿ, ನೀವು ಕರದ್ರ ಒಲ್ಲೆ" ಎಂದೆಯಂತೆ. ಎರಡನೆಯ ಸಲ "ಮೀನ ಹ್ಯಾಂಗ ಐತಿ?" ಎಂದೂ ಕೇಳಿದೆಯಂತೆ. ಅವರು ಬಂದು ಹೇಳಿದರು. ನಾನು ಜೋಳ ಹಸನು ಮಾಡುತ್ತ ಕೂತೆ.

ಮೊದಲು ಮೀನಿನ ಸಮಾಚಾರ ಹೇಳುತ್ತೇನೆ. ಹಿತ್ತಲ ಕಲ್ಲಿನ ಬಾನಿಯಲ್ಲಿ ಮೀನು ಇದೆ, ಚಲೋ ಇದೆ. ಬಿಸಿಲೇರಿದರೆ ಬಾನಿಯ ನೆರಳಿನ ಮೂಲೆಯಲ್ಲಿ ಕಟ್ಟಿಗೆ ತುಂಡಿನ ಹಾಗೆ ನಿಂತುಬಿಡುತ್ತದೆ. ಕಿವಿಯ ಹತ್ತಿರದ ರೆಕ್ಕೆ ಮಾತ್ರ ಸಣ್ಣಗೆ ಬೀಸುತ್ತಿರುತ್ತದೆ. ಎಮ್ಮೆ ನೀರಿಗೆ ಮೂತಿ ಇಟ್ಟರೆ ತಳಕ್ಕಿಳಿಯುತ್ತದೆ. ಮನೆಯವರ ಚಪ್ಪಲಿಯ ಸಪ್ಪಳಕ್ಕೆ ಅಡಗುತ್ತದೆ. ನನ್ನ ಬಳೆಯ ಸಪ್ಪಳಕ್ಕೆ ಮೇಲೆ ಬರುತ್ತದೆ. ಆ ಹಾವಿನಂಥ ತಲೆ ನೀರಿಂದ ಎದ್ದರೆ ನನಗೆ ಮೊದಲು ಹೇಸಿಕೆ ಬರುತ್ತಿತ್ತು. ಈಗ ಬರದಿದ್ದರೆ ಏನಾಯಿತೋ ಎಂದು ಬಗ್ಗಿ ನೋಡುತ್ತೇನೆ.

ಇನ್ನೊಂದು ಕಂಡೆ. ಅದು ಮೇಲೆ ಬಂದು ಬಾಯಿ ತೆರೆದು ಉಸಿರು ತೆಗೆದುಕೊಂಡು ಹೋಗುತ್ತದೆ. ಬಾನಿಯ ಹತ್ತಿರ ಕೂತು ನೂರೆಂಟು ಜಪ ಮಾಡುವಷ್ಟರಲ್ಲಿ ಐದಾರು ಸಲ ಬರುತ್ತದೆ. ಬಂದಾಗೊಮ್ಮೆ ನನ್ನ ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿಂದ ಸುರು ಮಾಡುತ್ತೇನೆ. ಶಿವ ಏನೆಂದುಕೊಳ್ಳುತ್ತಾನೋ.

ಮೀನಿಗೆ ಏನು ಹಾಕುತ್ತಾಳೆ ಎಂದು ನಿನಗೆ ಅನ್ನಿಸುತ್ತಿರಬೇಕು. ಮಿಡತೆ ಹಾಕುತ್ತೇನೆ ತಂಗಿ. ನಾನೇ ಹಿಡಿದು ಹಾಕುತ್ತೇನೆ. ಮೇವು ತರುವ ಮದರಸಾಬ ಹುಲ್ಲಿನ ಹೊರೆ ಇಳಿಸಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಮಿಡತೆ ಹುಡುಕುತ್ತೇನೆ. ಅವನು ಮಾರಿ ಆಚೆ ತಿರುಗಿಸಿ ನಗುತ್ತಾನೆ. ಆಮೇಲೆ ಮೂರು ಸಲ ಕೈ ತೊಳೆದು ವಿಭೂತಿ ಹಚ್ಚಿಕೊಳ್ಳುತ್ತೇನೆ. ಭಿಕ್ಷೆಗೆ ಬಂದ ಅಯ್ಯನವರನ್ನು ಇದು ಪಾಪವೇ ಎಂದು ಕೇಳಿದೆ. "ಅದರ ಊಟ ಅದಕ್ಕ ತಾಯಿ. ಖರೇ, ನನಗ ಹಿಟ್ಟು ನೀಡೂ ಮುಂದ ಕೈ ಚಂದಂಗ ತೊಳಕೋರಿ" ಎಂದರು. ಮಗ್ಗುಲ ಮನೆಯ ಸಿದ್ದಲಿಂಗವ್ವ ಗೋಡೆಯ ಮೇಲಿಂದ ಇಣುಕಿ, "ನೀಲವ್ವಾ, ಲಿಂಗ ಕಟ್ಟಿದವರ ಮನ್ಯಾಗ ಮೀನ ಬೆಳಸಾಕತ್ತೀದಿ. ಒಗ್ಗರಣಿ ಯಾವಾಗ ಕೊಡ್ತೀ?" ಎನ್ನುತ್ತಾಳೆ. "ನಿನ್ನ ನಾಲಿಗಿಗೆ ಕೊಟ್ಟ ಮ್ಯಾಲ" ಎಂದೆ. ನೀನಿದ್ದರೆ ನಗುತ್ತಿದ್ದೆ.

ಇದೇ ಮಿಡತೆಗಲ್ಲವೇ ನಾನು ನಿನ್ನನ್ನು ಅಂದದ್ದು. ಬತ್ತಿದ ಹೊಂಡದ ಕೆಸರಿನಿಂದ ನೀನು ಕೊಡದಲ್ಲಿ ಆ ಮೀನು ತಂದು ಬಾನಿಗೆ ಬಿಟ್ಟೆ. ಜೀವ ಉಳಿಸಿದ್ದಾಳೆ, ಇರಲಿ ಎಂದು ನಾನೂ ಅಂದೆ. ಆದರೆ ನಮ್ಮ ಮನೆಯಲ್ಲಿ ಇರುವುದಾದರೆ ರೊಟ್ಟಿ ತಿಂದು ಇರಲಿ ಎಂದು ಹಟ ಹಿಡಿದೆ. ದಿನಾ ಒಂದು ತುಂಡು ರೊಟ್ಟಿ ಹಾಕಿದೆ. ನೀರು ನಾರಿತು, ಮೀನು ಮುಟ್ಟಲಿಲ್ಲ. ಅಷ್ಟಾದರೂ ಸಾಯಲಿಲ್ಲ, ನೋಡು ನಮ್ಮ ಮನೆಯ ಗುಣ ಹತ್ತಿತು ಎಂದು ನಾಲ್ಕು ಮಂದಿಯ ಮುಂದೆ ಹೇಳಿದೆ. ನೀನು ಕದ್ದು ಮಿಡತೆ ಹಾಕುತ್ತಿದ್ದೆ. ಯುಗಾದಿಯ ದಿನ ನಿನ್ನ ಮುಷ್ಟಿ ಬಿಚ್ಚಿಸಿ ನೋಡಿ, ಬಂದವರೆಲ್ಲರ ಎದುರಿಗೆ ಅಂದೆ: "ಹಡೀಲಾರದಾಕಿ ಮೀನಿಗಿ ತಾಯಿ ಆಗ್ಯಾಳ ನೋಡ್ರೆವ್ವಾ."

ಆ ಮಾತು ನನ್ನದಲ್ಲ. ನಮ್ಮ ಅತ್ತೆ ನನಗೆ ಅಂದದ್ದು. ನಾನು ತಾಯಿ ಸತ್ತ ಕರುವಿಗೆ ಬಟ್ಟೆ ಅದ್ದಿ ಹಾಲು ಕುಡಿಸುತ್ತಿದ್ದಾಗ, ಮೀನಿನ ಜಾಗದಲ್ಲಿ ಕರು ಇಟ್ಟು ಇದೇ ಮಾತು ಅಂದಿದ್ದರು. ಅವತ್ತು ಊಟ ಬಿಟ್ಟು ಮಲಗಿದ್ದೆ. ಮರುವರ್ಷ ನನಗೆ ಮಕ್ಕಳಿಲ್ಲವೆಂದು ನಿನ್ನನ್ನು ನನ್ನ ಸವತಿಯಾಗಿ ಈ ಮನೆಗೆ ತಂದರು. ನಿನಗೆ ಹದಿನಾರು. ನಿನಗೂ ಆಗಲಿಲ್ಲ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೂತೆವು. ಆ ಮಾತು ಎಷ್ಟು ಸುಡುತ್ತದೆಂದು ಊರಿಗೆಲ್ಲ ನನ್ನೊಬ್ಬಳಿಗೇ ಗೊತ್ತಿತ್ತು, ಅದನ್ನೇ ತೆಗೆದು ನಿನಗೆ ಅಂದೆ.

ತಪ್ಪಾಯಿತು, ಕಲ್ಲವ್ವಾ. ನಾನು ಕರೆಯುತ್ತಿದ್ದೇನೆ. ಬಾ. ದಣಿದಿದ್ದೇನೆ. ಮನೆಯವರು ಉಣ್ಣುತ್ತಾರೆ, ಮಲಗುತ್ತಾರೆ. ಜಗಳ ಮಾಡಲಿಕ್ಕೂ ಮನೆಯಲ್ಲಿ ಯಾರೂ ಇಲ್ಲ.

ಇಂತಿ,
ನಿನ್ನ ಅಕ್ಕ
ನೀಲವ್ವ

ತಾ.ಕ. — ಕಾಗದ ಮಡಚಿಟ್ಟು ಪೂಜೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದನ್ನು ತಿರುಗಿ ಓದು. ಈಗ ಬಾನಿಯಲ್ಲಿ ಇರುವುದನ್ನು ಎಲ್ಲಿಯೂ "ನಿನ್ನ ಮೀನು" ಎಂದಿಲ್ಲ. ಉಪವಾಸದ ದಿನ ಸುಳ್ಳು ಬರೆಯಬಾರದೆಂದು ಹಾಗೆ ಬರೆದೆ. ಅದೂ ಸುಳ್ಳೇ.

ನೀನು ತಂದದ್ದು ಸತ್ತಿತು. ಬಸವ ಜಯಂತಿಗೆ ಐದು ಮಂದಿ ಅಯ್ಯನವರು ನಮ್ಮಲ್ಲಿ ಪ್ರಸಾದಕ್ಕೆ ಬರುವವರಿದ್ದರು. ಅವರ ಕಣ್ಣಿಗೆ ಮೀನು ಬೀಳಬಾರದೆಂದು ಬಾನಿಯ ಅಂಚಿನ ತನಕ ನೀರು ತುಂಬಿ, ಮೇಲೆ ಹಲಗೆ ಮುಚ್ಚಿ, ಸಂದಿಗೆಲ್ಲ ಒದ್ದೆ ಗೋಣಿತಟ್ಟು ಒತ್ತಿದೆ. ನೀರಿನಲ್ಲಿರುವ ಜೀವಕ್ಕೆ ನೀರು ತುಂಬಿದ್ದರೆ ಸಾಕೆಂದು ತಿಳಿದಿದ್ದೆ. ಮರುದಿನ ತೆಗೆದರೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮದರಸಾಬ ನೋಡಿ, "ಅವ್ವಾರ, ಇದು ನಮ್ಮಾಂಗ ಗಾಳಿ ಕುಡಿಯೂ ಮೀನ್ರಿ. ಮುಚ್ಚಿ ಕೊಂದ್ರಿ" ಎಂದ. ಕೂತು ಅತ್ತೆ. ಇನ್ನೊಂದು ತಂದುಕೊಡೆಂದು ಅವನ ಕೈಕಾಲು ಹಿಡಿದೆ. ಲಕ್ಕಲಕಟ್ಟಿ ಕಡೆಯಿಂದ ತಂದುಕೊಟ್ಟ. ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ, ಬಾನಿಯಲ್ಲಿ ಏನೋ ಒಂದು ಅಲ್ಲಾಡಿದರೆ ಅವರಿಗೆ ಸಾಕು. ಒಂದರ ಜಾಗಕ್ಕೆ ಇನ್ನೊಂದು ತಂದಿಟ್ಟರೆ ಸರಿಹೋಯಿತೆಂದು ನಾನೂ ತಿಳಿದೆ. ನಿನ್ನದರ ಬಾಲದ ಅಂಚು ಹರಿದಿತ್ತು, ಇದರದು ಹರಿದಿಲ್ಲ. ನೀನು ಬಂದು ಬಗ್ಗಿ ನೋಡಿದರೆ ತಿಳಿಯುತ್ತದೆ. ಅದಕ್ಕಿಂತ ಮೊದಲು ನಾನೇ ಹೇಳಬೇಕಾಗಿತ್ತು.

ಇಷ್ಟು ತಿಳಿದ ಮೇಲೂ ಬರುವುದಾದರೆ ಬಾ. ಗುರುವಾರ ಮದರಸಾಬ ಬಂಡಿ ಹೂಡಿಕೊಂಡು ಮುಶಿಗೇರಿಗೆ ಬರುತ್ತಾನೆ. ಒಬ್ಬರು ಕೂಡುವಷ್ಟು ಜಾಗ ಬಿಟ್ಟುಕೊಂಡು ಬಾ ಎಂದು ಹೇಳಿದ್ದೇನೆ. ಆ ಜಾಗ ಖಾಲಿಯೇ ಬರುವುದಾದರೆ, ಬೈದಾದರೂ ಎರಡು ಸಾಲು ಬರೆದು ಅವನ ಕೈಗೆ ಕೊಡು. ಉತ್ತರ ಇಸಿದುಕೊಳ್ಳದೆ ಬರಬೇಡ ಎಂದು ಅವನಿಗೆ ತಾಕೀತು ಮಾಡಿದ್ದೇನೆ.