ಹಲಗೆಯ ಮೇಲೆ ನಿಂತ ಅಕ್ಕ

ಮಾರ್ಚ್ ೧೨, ಭಾನುವಾರ

ನನ್ನ ಪುಟ್ಟ ತಂಗಿಗೆ,

ನೀನೂ ನಿನ್ನ ಯಜಮಾನರೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳು ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ತಡವಾಯಿತು, ಬೈಯಬೇಡ. ಕಾರಣ ಕೇಳಿದರೆ ನಗುತ್ತೀಯ. ನಿನ್ನ ಅಕ್ಕ ಸಮುದ್ರಕ್ಕೆ ಇಳಿದಿದ್ದಾಳೆ! ನಕ್ಕು ಮುಗಿಸಿ ಮುಂದೆ ಓದು.

ಇಲ್ಲಿನ ವಿಶ್ವವಿದ್ಯಾಲಯದವರು ಒಂದು ಸಂಶೋಧನೆ ನಡೆಸುತ್ತಿದ್ದಾರೆ. ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರಿಕೊಂಡು ಬರುತ್ತಾರಲ್ಲ, ಸರ್ಫಿಂಗ್, ಅದನ್ನು ಪಂದ್ಯಕ್ಕಲ್ಲದೆ ಬರೀ ಖುಷಿಗೆ ಆಡಿದರೆ ಮೈಗೂ ಮನಸ್ಸಿಗೂ ಎಷ್ಟು ಒಳ್ಳೆಯದು ಎಂದು ತಿಳಿಯಬೇಕಂತೆ. ಅರವತ್ತು ದಾಟಿದವರು ಬೇಕೆಂದು ಆಸ್ಪತ್ರೆಯ ಗೋಡೆಗೆ ಚೀಟಿ ಅಂಟಿಸಿದ್ದರು. ಮಂಡಿನೋವಿಗೆ ಔಷಧಿ ತರಲು ಹೋದವಳು ಹೆಸರು ಕೊಟ್ಟು ಬಂದೆ. ಬುದ್ಧಿ ಎಲ್ಲಿಟ್ಟಿದ್ದೆನೋ ಗೊತ್ತಿಲ್ಲ.

ನೀರಿಗೆ ಇಳಿಯುವ ಮುಂಚೆ ಮೈಗೆ ಅಂಟಿಕೊಳ್ಳುವ ರಬ್ಬರ್ ಉಡುಪು ತೊಡಬೇಕು. ಜೀವಮಾನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಅದರ ಕಂಕುಳ ಹೊಲಿಗೆ ನೋಡಿ ಮೈ ಉರಿಯಿತು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಕ್ಯಾಷಿಯರ್ ಒಬ್ಬರಿದ್ದಾರೆ. ಅದರೊಳಗೆ ಅವರು ಹತ್ತಿ ಜಾಸ್ತಿ ತುಂಬಿದ ದಿಂಬಿನ ಹಾಗೆ ಕಾಣುತ್ತಾರೆ. ನಾನು ಹೇಗೆ ಕಾಣುತ್ತೇನೆಂದು ಕೇಳಬೇಡ.

ಕಲಿಸುವವಳು ಇನ್ನೂ ಚಿಕ್ಕ ಹುಡುಗಿ. ನಾನು ಅವಳಿಗೆ ಮರಿಮೀನು ಎಂದು ಹೆಸರಿಟ್ಟಿದ್ದೇನೆ. "ಕೆಳಗೆ ನೋಡ್ಬೇಡಿ ಅಮ್ಮಾ, ದಡ ನೋಡಿ, ಒಂದೇ ಸಲಕ್ಕೆ ಎದ್ದುಬಿಡಿ!" ಎಂದು ಕೂಗುತ್ತಾಳೆ. ನಾನು ಏಳುವಷ್ಟರಲ್ಲಿ ದೊಪ್ಪನೆ ಬೀಳುತ್ತೇನೆ. ನೀರು ಸೊಂಟದಷ್ಟೇ. ಆದರೂ ಅವಳು ಓಡಿ ಬಂದು ಎತ್ತಿ ನಿಲ್ಲಿಸಿ, ಮುಖದ ಮೇಲಿನ ಕೂದಲು ಸರಿಸಿ, "ಏನೂ ಆಗಿಲ್ಲ ಅಲ್ವಾ?" ಎನ್ನುತ್ತಾಳೆ.

ಆಮೇಲೆ ದಡದಲ್ಲಿ ದೋಣಿ ಇಡುವ ಮನೆಯ ಹಿಂದಿನ ಕೋಣೆಯಲ್ಲಿ ವಿಚಾರಣೆ. ಪ್ಲಾಸ್ಟಿಕ್ ಕುರ್ಚಿ, ಕಾಲ ಕೆಳಗೆಲ್ಲ ಮರಳು. ಸಂಶೋಧನೆ ಮಾಡುವ ಹೆಂಗಸಿಗೆ ನಾವೆಲ್ಲ ಪ್ರಶ್ನೆ ಮೇಡಂ ಎನ್ನುತ್ತೇವೆ. ಒಳ್ಳೆಯವಳು, ಕೆಲಸದಲ್ಲಿ ಮುಳುಗಿ ಊಟ ಮರೆಯುವ ಜಾತಿ. ನಿದ್ದೆ ಹೇಗಿದೆ, ನೋವು ಹೇಗಿದೆ, ಮನಸ್ಸು ಹೇಗಿದೆ, ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಪ್ರತಿವಾರ ಕೇಳುತ್ತಾಳೆ. ಒಂದು ದಿನ ಪೆನ್ನು ಕೆಳಗಿಟ್ಟು ಕೇಳಿದಳು, "ನೀವು ಒಂದು ಸಲಾನೂ ನಿಂತಿಲ್ಲ. ಆದ್ರೂ ಎಲ್ಲರಿಗಿಂತ ಜಾಸ್ತಿ ಅಂಕ ಕೊಡೋರು ನೀವೇ. ಯಾಕಮ್ಮಾ?"

"ಉಪ್ಪುನೀರು ಮಂಡಿಗೆ ಒಳ್ಳೇದು ಕಣಮ್ಮ" ಎಂದೆ.

ಕ್ಯಾಷಿಯರ್ ಬಿಡಬೇಕಲ್ಲ. "ನಾನು ನಿಂತೂ ನಿಂತೂ ಐದು ಕೊಡ್ತೀನಿ, ಇವರು ಬಿದ್ದೂ ಬಿದ್ದೂ ಹತ್ತು ಕೊಡ್ತಾರೆ! ಇದ್ಯಾವ ಲೆಕ್ಕ ಮೇಡಂ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಹೋದ ವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದಳು. "ಹೀಗೇ ಬೀಳ್ತಾ ಇದ್ರೆ ಮೂಳೆ ಮುರ್ಕೋತೀರ. ಮುಂದಿನ ವಾರಾನೂ ನಿಲ್ಲೋಕಾಗದಿದ್ರೆ ನಿಮ್ಮನ್ನ ದಡದಲ್ಲಿ ನಡೆಯೋ ಗುಂಪಿಗೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ." ಆ ಗುಂಪಿನವರು ಕೈಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡು ತಮ್ಮ ಪಾಡಿಗೆ ತಾವು ಒಬ್ಬೊಬ್ಬರೇ ನಡೆಯುತ್ತಾರೆ. ಒಬ್ಬಳೇ ನಡೆಯಲು ನನಗೆ ಸಂಶೋಧನೆ ಯಾಕೆ ಬೇಕು ಹೇಳು? ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

ನಿನ್ನೆ ನಿಂತೆ. ನಿಜವಾಗಿಯೂ ನಿಂತೆ ಕಣೇ! ಅಲೆ ನನ್ನನ್ನು ದಡದವರೆಗೂ ತಂದು ಮರಳಿನ ಮೇಲೆ ಮೆಲ್ಲಗೆ ಬಿಟ್ಟಿತು. ಕ್ಯಾಷಿಯರ್ ಶಿಳ್ಳೆ ಹೊಡೆದರು, ಉಳಿದವರು ಚಪ್ಪಾಳೆ ತಟ್ಟಿದರು. ಮರಿಮೀನು ದೂರದಿಂದಲೇ ಎರಡೂ ಕೈ ಎತ್ತಿ ಕುಣಿದು, ಬಿದ್ದಿದ್ದ ಇನ್ನೊಬ್ಬರನ್ನು ಎತ್ತಲು ಹೋದಳು. ಕೋಣೆಯಲ್ಲಿ ಮೇಡಂ ಹತ್ತಕ್ಕೆ ಎಷ್ಟೆಂದು ಕೇಳಿದಾಗ ನಾಲ್ಕು ಎಂದೆ. "ನಿಂತ ದಿನಾನೇ ನಾಲ್ಕಾ?" ಎಂದು ಕಣ್ಣು ಕಣ್ಣು ಬಿಟ್ಟಳು. "ಸುಸ್ತಾಗಿದೆ" ಎಂದು ಎದ್ದು ಬಂದೆ. ಪಾಪ, ಅವಳ ವರದಿಯಲ್ಲಿ ನನ್ನನ್ನು ಎಲ್ಲಿ ಕೂರಿಸುತ್ತಾಳೋ.

ಮುಂದಿನ ತಿಂಗಳು ಬರುತ್ತೇನೆಂದು ಬರೆದಿದ್ದೀಯ, ಮಾತು ತಪ್ಪಬೇಡ. ನಿಮ್ಮ ಮನೆ ತುಂಬಿರಲಿ, ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ
ಅಕ್ಕ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ನಾಚಿಕೆಯಾಯಿತು. ನನಗೆ ಎರಡನೇ ವಾರದಿಂದಲೇ ನಿಲ್ಲಲು ಬರುತ್ತಿತ್ತು. ಬೇಕೆಂದೇ ಬೀಳುತ್ತಿದ್ದೆ. ನಿನ್ನ ಭಾವ ಹೋದ ಮೇಲೆ, ರಕ್ತದೊತ್ತಡ ನೋಡುವ ನರ್ಸ್ ಒಬ್ಬಳನ್ನು ಬಿಟ್ಟರೆ, ನನ್ನನ್ನು ಯಾರೂ ಮುಟ್ಟಿರಲಿಲ್ಲ ಕಣೇ. ಅಂಗಡಿ ಇದ್ದಾಗ ಅಳತೆ ತೆಗೆಯುವ ನೆಪದಲ್ಲಾದರೂ ನಾಲ್ಕು ಜನರ ಭುಜ ಹಿಡಿಯುತ್ತಿದ್ದೆ. ಕಣ್ಣು ಮಂಜಾಗಿ ಅದೂ ನಿಂತಿತು. ಅಕ್ಕಪಕ್ಕದವರು ಒಳ್ಳೆಯವರೇ, ಬಾಗಿಲಲ್ಲೇ ನಿಂತು ಚೆನ್ನಾಗಿದ್ದೀರಾ ಎಂದು ಕೇಳಿ ಹೋಗುತ್ತಾರೆ. ಬಿದ್ದರೆ ಆ ಹುಡುಗಿ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಆ ಹತ್ತು ಅಂಕ ಅದಕ್ಕೆ. ಇದನ್ನು ಮೇಡಂಗೆ ಯಾವ ಬಾಯಲ್ಲಿ ಹೇಳಲಿ? ನೀನು ಬಂದ ದಿನ ಬಸ್ಸಿನಿಂದ ಇಳಿದವಳೇ ನನ್ನ ಕೈಗೆ ಚೀಲ ದಾಟಿಸಬೇಡ. ಅದನ್ನು ನೆಲಕ್ಕಿಟ್ಟು, ಜನ ನೋಡಿದರೆ ನೋಡಲಿ, ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡು ನಿಲ್ಲು.