ಬದಲಿ ಬರೂತನ

ಯಪ್ಪಾ, ಮಾನ್ವಿಯಿಂದ ನಿನ್ನ ಮಗಳ ಶರಣು.

ನಾಕು ದಿನದಿಂದ ಇಲ್ಲಿ ರೈಸ್ ಮಿಲ್‌ನಾಗ ಕಾಲೇಜಿನ ಟ್ರೇನಿಂಗ್ ನಡದದ, ಮುಂಜಾನಿ ಆರರಿಂದ ಎರಡರ ಶಿಫ್ಟ್. ಒಂದು ತಪ್ಪಾದ್ರೂ ಸರ್ಟಿಫಿಕೇಟ್ ಇಲ್ಲ ಅಂತ ಮೇಡಂ ಹೇಳ್ಯಾರ, ಅದಕ್ಕ ನಂಗ ಫುಲ್ ಟೆನ್ಶನ್. ಇವತ್ತು ಬಾಯ್ಲರ್ ನೋಡ್ಕೊಳ್ಳೋ ಇನಾಯತಣ್ಣ ನನ್ನನ್ನ ಮೀಟರ್ ಮುಂದ ಕೂಡಿಸಿದ್ರು. ಎರಡಕ್ಕ ಸೈರನ್ ಆತು. ಅವರು ತಮ್ಮ ಬದಲಿಗೆ ಬಂದ ಮಲ್ಲಯ್ಯ ಕಾಕಾಗ ಚಾರ್ಜ್ ಕೊಟ್ಟು ಹೋದ್ರು. ನನ್ನ ಬದಲಿಗೆ ಯಾರೂ ಬರಲಿಲ್ಲ. ಜ್ವಾಳದ ಹೊಲದಾಗ ಹಕ್ಕಿ ಕಾಯುವಾಗ ನೀ ಹೇಳ್ತಿದ್ದಿ ನೋಡು, ಬದಲಿ ಬರೂತನ ಅಟ್ಟ ಇಳಿಬ್ಯಾಡ ಅಂತ. ನಾ ಏಳಲೇ ಇಲ್ಲ.

ಅರ್ಧ ತಾಸಿನ ಮ್ಯಾಲ ಕಾಕಾ ಕೇಳಿದ್ರು, "ಯಾಕವಾ, ನಿಂಗ ಮನಿ ಮಠ ಇಲ್ಲೇನು?"

"ನನ್ನ ರಿಲೀವರ್ ಬಂದಿಲ್ರೀ."

ಬಾಯ್ಲರ್ ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ಕಾಕಾ ಮಾತ್ರ ಶಿಫ್ಟ್ ಬುಕ್ ತೆಗೆದು, "ದಾನೇಶ್ವರಿ ಕಡಿಂದ ಎರಡೂವರಿಗೆ ಚಾರ್ಜ್ ತಗೊಂಡೀನಿ" ಅಂತ ಬರದು, ನನ್ನ ಸಹಿನೂ ಮಾಡಿಸಿದ್ರು. "ಈಗ ಏಳವಾ, ಇಂಥಾ ಕೆಲಸಗಾರ್ತಿ ನಮಗ ಸಿಕ್ಕಿಲ್ಲ" ಅಂದ್ರು.

ನನ್ನ ಕೆಮ್ಮು ಹೋಗ್ಯದ. ಅವ್ವ ಕಟ್ಟಿದ ರೊಟ್ಟಿ ಇನ್ನ ಐದು ಅದಾವ.

ನಾಳೆ ಮೇಡಂ ಬಂದು ಆ ಬುಕ್ ನೋಡ್ತಾರಂತ. ನೋಡ್ಲಿ!

ಕಾರ್ಡಿನಾಗ ಜಾಗ ಮುಗೀತು,
ದಾನೇಶ್ವರಿ