ಸೇನಾಪತಿ ತಮ್ಮನ ಕೋಟು

ಸೇನಾಪತಿಯಾದ ತಮ್ಮನಿಗೆ ಅಕ್ಕನ ಆಶೀರ್ವಾದ.

ವಿಜಯದ ಮೆರವಣಿಗೆಗೆಂದು ನೀನು ಕಳಿಸಿದ ಕೋಟು, ಪದಕ ಎರಡೂ ತಲುಪಿದವು. ಹೊಟ್ಟೆಯ ಹತ್ತಿರ ಬಿಚ್ಚಿ ಸಡಿಲ ಮಾಡಿದ್ದೇನೆ. ಯುದ್ಧ ಮಾಡಿದರೆ ಬೊಜ್ಜು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಅಂಗಡಿಯಲ್ಲಿ ಕೈತುಂಬ ಕೆಲಸ. ಹೊಳೆ ದಾಟಿ ಓಡಿಹೋಗುತ್ತಿದ್ದ ಶತ್ರುಗಳ ಮೇಲೆ ನೀವು ದಡದಲ್ಲಿ ನಿಂತು ಗುಂಡು ಹಾರಿಸಿದಿರಲ್ಲ, ಅವರ ಕೋಟುಗಳನ್ನು ಊರವರು ನೀರಿನಿಂದ ಎಳೆದು ತೇಪೆಗೆ ತರುತ್ತಿದ್ದಾರೆ. ಚಳಿಗೆ ಮಕ್ಕಳಿಗಾದರೂ ಆಗುತ್ತದೆ. ತೂತು ಎಲ್ಲಿದೆಯೆಂದು ಈಗ ನಾನು ಹುಡುಕುವುದೇ ಇಲ್ಲ. ಎಲ್ಲ ಕೋಟುಗಳಿಗೂ ಬೆನ್ನಿನಲ್ಲೇ. ಎದೆಯ ಕಡೆ ಒಂದು ಗುಂಡಿಯೂ ಕಿತ್ತುಹೋಗಿಲ್ಲ. ಬೂಟು ಬಿಚ್ಚಿ ಕೊರಳಿಗೆ ಕಟ್ಟಿಕೊಂಡು ಈಜುವವನು ನಿನ್ನ ಮೇಲೆ ಯುದ್ಧಕ್ಕೆ ಬರುತ್ತಿದ್ದನೇನೋ?

“ನಿನ್ನ ತಮ್ಮ ಹುಲಿ ಕಣಮ್ಮ” ಅಂದ ಪಕ್ಕದಂಗಡಿಯ ಕ್ಷೌರಿಕ.

“ಚಿಕ್ಕಂದಿನಿಂದಲೂ ಹಾಗೇ ಕಣಪ್ಪ. ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಅದರಲ್ಲಿ ಮೊದಲನೇ ಕಲ್ಲು ಯಾವತ್ತೂ ಇವನದೇ” ಅಂದೆ.

ಪದಕವನ್ನೂ ಹೊಲಿದಿದ್ದೇನೆ. ದಿನವೆಲ್ಲ ಆ ತೇಪೆಗಳನ್ನೇ ಹಾಕಿ ಕೈಗೆ ರೂಢಿಯಾಗಿತ್ತು ನೋಡು, ಬೆನ್ನಿನ ಮೇಲೆ ಹೊಲಿದುಬಿಟ್ಟೆ. ಬಿಚ್ಚೋಣವೆಂದು ಕತ್ತರಿ ಎತ್ತಿಕೊಂಡೆ. ಆಮೇಲೆ, ನೀನು ಅದನ್ನು ಗೆದ್ದ ಜಾಗದಲ್ಲೇ ಇದೆಯಲ್ಲ ಅನ್ನಿಸಿ ಹಾಗೇ ಬಿಟ್ಟೆ. ಜೋಡಿ ದಾರ ಹಾಕಿದ್ದೇನೆ, ಕೀಳಲು ಹೋಗಬೇಡ, ಬಟ್ಟೆ ಹರಿಯುತ್ತದೆ. ಹೇಗೂ ಮೆರವಣಿಗೆಯಲ್ಲಿ ಮುಂದೆ ನಡೆಯುವವನು ನೀನು. ಹಿಂದೆ ಬರುವವರಿಗೆಲ್ಲ ಚೆನ್ನಾಗಿ ಕಾಣಿಸುತ್ತದೆ.

ಇಂತಿ,
ಹೊಳೆದಂಡೆಯ ದರ್ಜಿ, ನಿನ್ನ ಅಕ್ಕ